ನಷ್ಟ: ಒಂದು

ಹನ್ನೊಂದು ಕಾಳು ಬಂದಿದ್ವು ಪಾಕೀಟಿನ್ಯಾಗ.
ಕಾಡು ಕಡ್ಲಿ ಅಂದ್ರು ಹೆಬಸೂರ ಬಾಯಾರು.
ಮಾಬೂಬಿ ಅಂಗೈಮ್ಯಾಲ ಹೊಳ್ಳಿಸಿ ನೋಡಿ ನಕ್ಕಳು:
"ಇದು ಕಡ್ಲಿ ಆದ್ರ ನಾ ದೇಸಗತ್ತಿ ಸೊಸಿ."
ಇಲಿ ಹಿಕ್ಕಿಯಷ್ಟು, ಕರೇದು, ಮೂಲಿ ಮೂಲಿ,
ಮೈತುಂಬ ಬಲಿ ಹೆಣೆದಂಗ ಗೆರಿ.

ತುರ್ಕಿ ದೇಶದ ಗುಡ್ಡದಾಗ, ಕಲ್ಲಿನ ಸಂದ್ಯಾಗ
ಯಾರೂ ಬಿತ್ತದ, ಯಾರೂ ಬಯ್ಯದ
ತಾನ ಹುಟ್ಟಿ ತಾನ ಉದುರೂ ಜಾತಿ ಅಂತ.
ನಮ್ಮ ಕಡ್ಲಿಗೆ ಸಿಡಿರೋಗ ಬಡೀತೈತಲ್ಲ,
ಇದರ ರಕ್ತದಾಗ ಅದಕ್ಕೊಂದು ಉತ್ತರ ಇರಬಹುದಂತ.
ಇರಬಹುದು ಅಂದಾಗೆಲ್ಲ ಬಾಯಾರು ಕನ್ನಡಕ ಒರಸತಾರ.

ನೀರಾಗ ಹಾಕಿದ್ರ ಇದು ನೆನೆಯೂದಿಲ್ಲ.
ಒಂದು ರಾತ್ರಿ, ಎರಡು ರಾತ್ರಿ, ಕಲ್ಲು ಕಲ್ಲಾಗೇ ಇತ್ತು.
ಕಡೀಕ ಬ್ಲೇಡು ಕೊಟ್ರು ನನ್ನ ಕೈಯಾಗ:
"ಮೂಗಿನ ಆಚಿ ಬದಿ, ಮೊಳಕಿಗೆ ತಾಗದಂಗ
ಕೂದಲೆಳಿಯಷ್ಟು ಗೀರು, ಫಕೀರವ್ವ."
ಕೂಸಿನ ಉಗುರು ತಗದಂಗ ಉಸರು ಹಿಡದು ಗೀರಿದೆ.
ಹತ್ತಾದ್ವು. ಹನ್ನೊಂದನೇದು ಜಿಗದು
ಬ್ಲೇಡು ನನ್ನ ಬೆರಳಿಗೆ ಬಂತು.

ಆಮ್ಯಾಲ ಫ್ರಿಜ್ಜು. ಹಸೀ ಕಾಗದ ಹೊಚ್ಚಿ
ಮೂರು ವಾರ, ಬಾಯಾರ ಮಜ್ಜಿಗಿ ಡಬ್ಬಿ ಬಾಜೂಕ.
ಹಿಮದ ನೆಪ್ಪು ಮಾಡಿಕೊಡದ ಹೂವ ಬಿಡೂದಿಲ್ಲಂತ.

ಸೀಗಿ ಹುಣ್ಣಿವಿ ಮುಗಿಸಿ ಅಣ್ಣಿಗೇರಿ ದಾರಿ ಎರಿಗೆ ಇಟ್ವಿ.
ಏಳು ಎದ್ವು.
ನಮ್ಮ ಕಡ್ಲಿ ನೆಟ್ಟಗ ನಿಂತು
ಕುಡಿ ಚಿವುಟೂ ಕೈ ಕಾಯತೈತಿ.
ಇದು ನೆಲಕ್ಕ ಬಿತ್ತು. ನೀರು ಚೆಲ್ಲಿದಂಗ
ಎಂಟೂ ದಿಕ್ಕಿಗೆ ತಂತಿಯಂಥಾ ಕಾಲು ಚಾಚಿ
ಎರಿ ಮೈಗೆ ಮೈ ಹಚ್ಚಿ ಮಲಗಿತು.
ಬಾಳಪ್ಪ ಕೋಲು ತಂದು ಎತ್ತಿ ಕಟ್ಟಿದ.
ಮರುದಿನ ಕೋಲು ಒಂದ ನಿಂತಿತ್ತು.

ಹೂವು ಮಾತ್ರ ನೇರಳಿ ತಿಂದ ನಾಲಿಗಿ ಬಣ್ಣ.
ಹೊತ್ತು ಹುಟ್ಟೂದರೊಳಗ ಬಾಯಾರು ಚಿಮಟಿ ಹಿಡದು
ಅದರ ಧೂಳಿ ನಮ್ಮ ಕಡ್ಲಿ ಹೂವಿಗೆ ಒರಸತಿದ್ರು,
ಮುನಿಸಿಕೊಂಡ ಬೀಗರ ನಡುವ ನಿಂತವರಂಗ.

ಕಾಯಿ ಕಟ್ಟಿದಾಗ ಶುರುವಾತು ನನ್ನ ಸಂಕಟ.
ನಮ್ಮ ಕಡ್ಲಿಗೆ ಎಷ್ಟು ತಲಿಯಿಂದ ಕಲಿಸೇವೋ,
ಒಣಗಿದ್ರೂ ಬಾಯಿ ಬಿಡಬ್ಯಾಡ, ಕೊಯ್ಯಾಕ ಬರತೇವಿ ಅಂತ.
ಅದು ಕಾಯತೈತಿ. ಬಡಿದ್ರಷ್ಟ ಬಿಚ್ಚತೈತಿ.
ಇದಕ್ಕ ಯಾರೂ ಹೇಳಿಲ್ಲ.
ಮಟಮಟ ಮಧ್ಯಾಹ್ನ ಚಟ್ ಅಂದ್ರ ಮುಗೀತು,
ಕೈಗೆ ತಿರುಚಿದ ಸಿಪ್ಪಿ.

ಹಳೇ ವಾಯಲ್ ಸೀರಿ ಹರದು ಚೀಲ ಹೊಲದೆ,
ಕಾಯಿಗೊಂದು, ಹೆಬ್ಬೆಟ್ಟಿನಷ್ಟು, ದಾರಾ ಎಳದು ಕಟ್ಟೂದು.
ಅರವತ್ತಮೂರು ಗಂಟು ಹೊತ್ತು ಗಿಡಗೋಳು
ಗುಳೇ ಹೊಂಟಂಗ ಕಾಣತಿದ್ವು.

ಬಿಚ್ಚಿ ಎಣಿಸಿದ್ರ ಒಂದು ಚೀಲ ಖಾಲಿ.
ಮೂಲ್ಯಾಗ ದಾರಾ ಬಿಟ್ಟಿತ್ತು. ನನ್ನ ಹೊಲಿಗಿ.
ಮೊಣಕಾಲೂರಿ ಸಂಜಿತನಾ ಹುಡುಕಿದ್ವಿ,
ಬ್ಯಾಸಗಿ ಮುಟ್ಟಿದ ಎರಿ, ಬಿರುಕಿನ್ಯಾಗ
ಮೊಣಕೈ ಮುಳಗತಿತ್ತು.
ವಹಿಯೊಳಗ "ನಷ್ಟ: ಒಂದು" ಅಂತ ಬರದ್ರು ಬಾಯಾರು.
ಕನ್ನಡಕ ಒರಸಲಿಲ್ಲ.

ಎರಡು ಹಿಂಗಾರಿ ಹ್ವಾದ್ವು.
ಮೂರನೇದಕ್ಕ ಕುಸಬಿ ಸಾಲಿನ್ಯಾಗ ಕಳೇವು ತಗೀವಾಗ
ಕುರಪಿ ಮುಂದ ಏನೋ ಮಲಗಿತ್ತು,
ನೆಲಕ್ಕ ಮೈ ಹಚ್ಚಿ, ಎಂಟೂ ದಿಕ್ಕಿಗೆ ಕಾಲು.
ಬ್ಲೇಡಿಲ್ಲ, ಫ್ರಿಜ್ಜಿಲ್ಲ. ಯಾರು ಗೀರಿದ್ರು ಇದಕ?
ಬಿಸಲಿಗೆ ಬಿರಿದು ಮಳಿಗೆ ಮುಚ್ಚೂವಾಗ
ಎರಿ ಒಳಗೊಳಗ ಹಲ್ಲು ಕಡೀತಿತ್ತೇನು?

ಒಂದು ಎಲಿ ಹರದು ನಾಲಿಗಿಗೆ ಇಟ್ಟೆ.
ಹುಳಿ.
ನಮ್ಮವ್ವ ಧನುರ್ಮಾಸದ ರಾತ್ರಿ ಕಡ್ಲಿ ಹೊಲದಾಗ
ಬಿಳೀ ಅರಿವಿ ಹಾಸಿ, ನಸಕಿನ್ಯಾಗ ಮಂಜು ಹಿಂಡಿ
ಹೊಟ್ಟಿನೋವಿಗೆ ಅಂತ ಬಾಟ್ಲಿ ತುಂಬತಿದ್ದಳಲ್ಲ,
ಅದ ಹುಳಿ.

ಈ ಚಳಿ ಅದಕ್ಕ ಸಾಲತೈತೋ ಇಲ್ಲೋ,
ಹೂವ ಬಿಡತೈತೋ ಇಲ್ಲೋ.
ಮಾಬೂಬಿ ಆಚಿ ಸಾಲಿನಿಂದ ಕೂಗಿದಳು, "ಏನ ಸಿಕ್ತ?"
"ಕಳೇವು," ಅಂದೆ.
ಕುರಪಿ ಗೇಣು ದೂರ ಸರಿಸಿದೆ.